ತಕ್ಕಡಿಯ ತೂಕ

ಒಂದು ಕಂಪನಿಯನ್ನು ತೂಗಲು ತಿರುಳುಮಾಪಕಕ್ಕೆ ಹನ್ನೊಂದು ನಿಮಿಷ ಸಾಕಾಗುತ್ತಿತ್ತು. ಕಂಪನಿಯ ಪ್ರತಿ ವ್ಯವಹಾರ, ಯಂತ್ರಗಳು ಓಡಿದ ಗಂಟೆ, ಗ್ರಾಹಕರು ಅದನ್ನು ನಿಜಕ್ಕೂ ಬಳಸಿದ ಹೊತ್ತು, ಎಲ್ಲವನ್ನೂ ಓದಿ ಅದು ಷೇರಿನ ಬೆಲೆಯನ್ನು ಎರಡು ಪಾಲು ಮಾಡುತ್ತಿತ್ತು: ಇಂದಿನ ದುಡಿಮೆಯ ತಿರುಳು ಮತ್ತು ನಾಳೆಯ ಆಸೆ. ೨೦೬೧ರ ಜೂನ್ ತಿಂಗಳ ಒಂದು ಬೆಳಿಗ್ಗೆ, ಹುಬ್ಬಳ್ಳಿಯ ಸೂಚ್ಯಂಕ ಮಂಡಳಿಯ ಕಚೇರಿಯಲ್ಲಿ, ಪರದೆಯ ಮೇಲೆ ಮೂಡಿದ ಅಂಕಿಯನ್ನು ಡಾ. ನೀಲಾಂಬಿಕಾ ಸವಣೂರ ಮೂರು ಸಲ ಓದಿದಳು. ನೂರರಲ್ಲಿ ತಿರುಳು ನಾಲ್ಕು. ಆಸೆ ತೊಂಬತ್ತಾರು.

ಅವಳು ತೂಗಿದ್ದು ತಿರುಳುಮಾಪಕವನ್ನು ತಯಾರಿಸುವ ಕಂಪನಿಯನ್ನೇ. ಯಂತ್ರವನ್ನು ಕಂಡುಹಿಡಿದವಳೂ ಅವಳೇ.

ಸೂಚ್ಯಂಕವೆಂದರೆ ಐವತ್ತು ದೊಡ್ಡ ಕಂಪನಿಗಳ ಪಟ್ಟಿ. ಅದರಲ್ಲಿ ಯಾರ ಪಾಲು ಎಷ್ಟೋ ಅದೇ ಪ್ರಮಾಣದಲ್ಲಿ ಎಲ್ಲರ ಪಿಂಚಣಿ ನಿಧಿ ಷೇರು ಕೊಳ್ಳುತ್ತದೆ. ಹಿಂದೆ ಬೆಲೆ ಏರಿದವರ ಪಾಲು ಏರುತ್ತಿತ್ತು, ಪಾಲು ಏರಿದ್ದಕ್ಕೇ ಬೆಲೆ ಮತ್ತೆ ಏರುತ್ತಿತ್ತು. ಹೀಗೆ ನಾಲ್ಕು ತಂತ್ರಜ್ಞಾನ ಕಂಪನಿಗಳು ಅರ್ಧ ಪಟ್ಟಿಯನ್ನು ನುಂಗಿದ್ದವು. ತಿರುಳುಮಾಪಕ ಬಂದು, ತಿರುಳಿನ ಪ್ರಕಾರ ಪಾಲು ಎಂದಾದ ಮೇಲೆ ಆ ನಾಲ್ಕೂ ಕುಗ್ಗಿದವು. ಆದರೆ ತಕ್ಕಡಿ ತನ್ನನ್ನು ತಾನು ತೂಗಬಾರದೆಂದು ಮಂಡಳಿ ನಿಯಮ ಮಾಡಿತ್ತು. ಹಾಗಾಗಿ ಅದನ್ನು ತಯಾರಿಸುವ ಕಂಪನಿಯೊಂದಕ್ಕೆ ಮಾತ್ರ ಹಳೆಯ ಕ್ರಮವೇ ಉಳಿಯಿತು. ಆರು ವರ್ಷಗಳಲ್ಲಿ ಪಟ್ಟಿಯ ಮೂರನೆಯ ಒಂದು ಭಾಗ ಅದರದ್ದಾಯಿತು.

"ಇದನ್ನ ತೂಗ್ರಿ ಅಂತ ಯಾರ ಹೇಳಿದ್ರೀ ಮೇಡಂ?" ಮಂಡಳಿಯ ಅಧ್ಯಕ್ಷ ಶಿವಯೋಗಿ ಅಂಗಡಿಯವರು ಹಣೆ ಒರೆಸಿಕೊಂಡರು.

"ಯಾರೂ ಹೇಳಲಿಲ್ಲರೀ. ಅದಕ್ಕ ತೂಗಿದೆ. ಆ ನಾಕು ಕಂಪನಿ ಇಳಿಸಿದಾಗ ಚಪ್ಪಾಳಿ ಹೊಡದ್ರಿ, ಈಗ್ಯಾಕ ಬೆವರಾಕತ್ತೀರಿ?"

"ಅವು ಮಂದೀವು, ಇದು ನಮ್ದು. ಹಡದಾಕಿನs ಕೂಸಿನ ಕುತ್ತಿಗಿ ಹಿಚಕಿದಂಗಾತಲ್ರೀ!"

ಮಕ್ಕಳಿಲ್ಲದ ಅವಳಿಗೆ ಯಂತ್ರವೇ ಕೂಸು ಎಂದು ಜನ ಇಪ್ಪತ್ತು ವರ್ಷಗಳಿಂದ ಆಡುತ್ತಿದ್ದರು. ಅವಳೂ ನಕ್ಕು ಸುಮ್ಮನಾಗುತ್ತಿದ್ದಳು. ಇಂದು ನಗು ಬರಲಿಲ್ಲ. ಅವಳಿಗೆ ನೆನಪಾದದ್ದು ಗದಗಿನಲ್ಲಿರುವ ಅಕ್ಕ ದಾನವ್ವ. ಅಂಗನವಾಡಿಯಲ್ಲಿ ಮೂವತ್ತೆಂಟು ವರ್ಷ ದುಡಿದು ತಂಗಿಯನ್ನು ಓದಿಸಿದವಳು. ಅವಳ ಪಿಂಚಣಿಯೆಲ್ಲ ಈ ಪಟ್ಟಿಯಲ್ಲೇ ಇತ್ತು, ಮುಂದಿನ ತಿಂಗಳ ಮೊಣಕಾಲಿನ ಶಸ್ತ್ರಚಿಕಿತ್ಸೆಯ ಹಣವೂ ಸೇರಿ. ಈಗ ಹೇಳಿದರೆ ಅಕ್ಕನಿಗೆ ಪೆಟ್ಟು. ಹೇಳದೆ ಬಿಟ್ಟರೆ ಮುಂದೊಂದು ದಿನ ಅವಳಿಗೆ ಏನೂ ಉಳಿಯುವುದಿಲ್ಲ.

ಮಧ್ಯಾಹ್ನ ಅವಳು ಅಂಕಿಯನ್ನು ಪತ್ರಿಕೆಯವರ ಮುಂದಿಟ್ಟಳು.

ಮೂರು ದಿನ ಕುಸಿತಕ್ಕೆ ಕಾದಳು. ಮೊದಲ ದಿನ ಬೆಲೆ ತುಸು ಅಲುಗಿತು. ಎರಡನೆಯ ದಿನದಿಂದ ಏರತೊಡಗಿತು. ತನ್ನನ್ನು ತಯಾರಿಸಿದವರ ವಿಷಯದಲ್ಲೂ ಸುಳ್ಳು ಹೇಳದ ಯಂತ್ರಕ್ಕಿಂತ ನಂಬಿಕಸ್ತವಾದದ್ದು ಯಾವುದಿದೆ ಎಂದು ಮಾರುಕಟ್ಟೆ ಕೊಂಡಾಡಿತು. ಮಂಡಳಿ ಅವಳಿಗೆ ಶಾಲು ಹೊದಿಸಿತು, ತಕ್ಕಡಿ ತನ್ನನ್ನು ತೂಗಬಾರದೆಂಬ ನಿಯಮವನ್ನು ಹಾಗೆಯೇ ಇಟ್ಟುಕೊಂಡಿತು. ಪಟ್ಟಿಯಲ್ಲಿ ಕಂಪನಿಯ ಪಾಲು ನೂರಕ್ಕೆ ನಲವತ್ತು ಮುಟ್ಟಿತು.

ಅಕ್ಕನ ಫೋನು ಬಂತು.

"ಪೇಪರಿನ್ಯಾಗ ನಿನ್ನ ಫೋಟೋ ಬಂದೈತೆವ್ವಾ. ಶಾಲು ಹೊದಿಸಿದ್ರೂ ಮಾರಿ ಯಾಕ ಹಂಗ ಗಂಟ ಹಾಕ್ಕೊಂಡಿ?"

"ಅಕ್ಕಾ, ಸುದ್ದಿ ಪೂರ್ತಿ ಓದಿದೇನು?"

"ಓದೀನಿ. ನೂರಕ್ಕ ನಾಕು ಅಂತ."

"ಮತ್ತ ರೊಕ್ಕ ತಗಿ. ಮಣಕಾಲಿನ ಆಪರೇಷನ್ನಿಗಾದ್ರೂ ತಗಿ."

"ತಗದು ಎಲ್ಲಿಡ್ಲಿ? ಎಲ್ಲಾರೂ ಅಲ್ಲೇ ಇಟ್ಟಾರ. ಇನ್ನೂ ಏರ್ತೈತಂತ, ಆಪರೇಷನ್ ಮುಂದಿನ ವರ್ಷಕ್ಕ ಹಾಕೀನಿ. ನೀ ಮಾಡಿದ್ದನ್ನ ನಾನs ನಂಬಲಿಲ್ಲಂದ್ರ ಮತ್ತ್ಯಾರ ನಂಬ್ತಾರ ತಂಗಿ?"

ಒಬ್ಬಳಾದರೂ, ಒಂದು ಸಲವಾದರೂ, ತನ್ನನ್ನು ನಂಬದಿರಲಿ ಎಂದು ನೀಲಾಂಬಿಕಾಳಿಗೆ ಅನಿಸಿತು.

ಗೊತ್ತಿಲ್ಲದ್ದರಿಂದ ಜನ ಕೊಳ್ಳುತ್ತಾರೆ, ಗೊತ್ತಾದರೆ ನಿಲ್ಲುತ್ತಾರೆ ಎಂಬ ಒಂದೇ ನೆಚ್ಚಿಕೆಯ ಮೇಲೆ ಅವಳು ಯಂತ್ರ ಕಟ್ಟಿದ್ದಳು. ಸಂಜೆ ಕೂತು ನಲವತ್ತು ವರ್ಷಗಳ ಹಿಂದಿನ ಪತ್ರಿಕೆಗಳನ್ನು ತೆಗೆದು ನೋಡಿದಳು. ಬೆಲೆ ಅತಿಯಾಯಿತೆಂದು ಆಗಲೂ ಬರೆದಿದ್ದರು. ಕೆಲವೇ ಕಂಪನಿಗಳು ಪಟ್ಟಿಯನ್ನು ನುಂಗುತ್ತಿವೆಯೆಂದೂ ಬರೆದಿದ್ದರು. ಬರೆದವರೂ ಓದಿದವರೂ ಮರುದಿನ ಅಲ್ಲೇ ಕೊಂಡಿದ್ದರು. ಅವರ ಬಳಿ ಯಾವ ಯಂತ್ರವೂ ಇರಲಿಲ್ಲ. ಆದರೂ ಅವರಿಗೆ ಗೊತ್ತಿತ್ತು.