ನೂರ ನಲವತ್ತಾರು ಹುಳುಗಳ ಕಳವು

ಹನ್ನೊಂದನೇ ತಾರೀಖು ಸೋಮವಾರ ಬೆಳಗ್ಗೆ 9.40ಕ್ಕೆ ಠಾಣೆಗೆ ಬಂದ ದೂರುದಾರರು ಕುರ್ಚಿಯಲ್ಲಿ ಕೂರುವ ಮೊದಲೇ ತಮ್ಮ ಹುಳುಗಳು ಕಳುವಾಗಿವೆ ಎಂದರು. ಹೆಡ್ ಕಾನ್‌ಸ್ಟೆಬಲ್ ಪೆನ್ನಿನ ಮುಚ್ಚಳ ತೆಗೆದವನು ಹಾಗೇ ಕೂತ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಸೈಕಲ್ಲಿನಿಂದ ಹಿಡಿದು ಸಾಕಿದ ಗಿಳಿಯವರೆಗೆ ಎಲ್ಲದರ ಕಳವನ್ನೂ ಬರೆದುಕೊಂಡಿದ್ದ. ಹುಳು ಇದೇ ಮೊದಲು.

"ಜೀವ ಇರೋ ಹುಳುಗಳಾ ಸಾರ್?"

"ಅಲ್ಲ. ನಾನೇ ಕಟ್ಟಿದ್ದು. ನೂರ ನಲವತ್ತಾರು."

ಹೆಡ್‌ನ ಬಾಯಿ ಮುಚ್ಚಿಸಿದವರು ಆ ಠಾಣೆಯಲ್ಲಿ ಅಪರೂಪ. ಹಾಗಾಗಿ ಇನ್ಸ್‌ಪೆಕ್ಟರ್ ಮೇಡಂ ಕೈಯಲ್ಲಿದ್ದ ಚಹಾ ಲೋಟದ ಸಮೇತ ಒಳಗಿನ ಕೋಣೆಯಿಂದ ಎದ್ದು ಬಂದು ಎದುರು ಕೂತರು. ದೂರುದಾರರು ಅರವತ್ತೇಳು ವರ್ಷದ ಗಡಿಯಾರ ರಿಪೇರಿಯವರು. ಸಣ್ಣ ದನಿ, ಚೊಕ್ಕ ಅಂಗಿ, ಬೆರಳುಗಳು ಮಾತ್ರ ಮೇಜಿನ ಮೇಲೆ ಸುಮ್ಮನಿರಲೊಲ್ಲವು. ಅವರು ಬಿಡಿಸಿ ಹೇಳಿದ್ದು ಇಷ್ಟು. ಟ್ರೌಟ್ ಎಂಬ ಮೀನು ತಣ್ಣನೆಯ ಹೊಳೆಯಲ್ಲಿರುತ್ತದೆ, ನೀರಿನ ಮೇಲೆ ಕೂರುವ ಹುಳುಗಳನ್ನು ತಿನ್ನುತ್ತದೆ. ಅದನ್ನು ಹಿಡಿಯುವವರು ಕೊಕ್ಕೆಗೆ ನೂಲು, ಗರಿ ಸುತ್ತಿ ಹುಳುವಿನಂತೆಯೇ ಮಾಡಿ, ಉದ್ದ ಕೋಲಿನಿಂದ ಹಗುರಾಗಿ ನೀರಿನ ಮೇಲೆ ಇಳಿಸಬೇಕು. ಹಿಡಿದದ್ದನ್ನು ಮತ್ತೆ ಹೊಳೆಗೇ ಬಿಡುವುದು ಪದ್ಧತಿ. ಈ ಮಾತಿಗೆ ಹೆಡ್‌ಗೆ ತೀರಾ ಬೇಜಾರಾಯಿತು. ಮತ್ತೆ ಬಿಡೋದಾದರೆ ಹಿಡಿಯೋದ್ಯಾಕೆ ಎಂದು ಅವನು ಕೇಳಲಿಲ್ಲ, ಮುಖದಲ್ಲೇ ತೋರಿಸಿದ.

ಹುಳುಗಳ ಪೆಟ್ಟಿಗೆಯ ಜತೆಗೇ, ಒಂದು ತಂಗುಮನೆಯಲ್ಲಿದ್ದು ಟ್ರೌಟ್ ಹಿಡಿಯಲು ಸಿಕ್ಕಿದ್ದ ಪರವಾನಗಿ ಪತ್ರವೂ ಹೋಗಿತ್ತು. ರಸ್ತೆ ಮುಗಿದ ಮೇಲೆ ಅರ್ಧ ದಿನ ನಡೆದು ತಲುಪಬೇಕಾದ, ಆರೇ ಕೋಣೆಗಳ ಒಂದು ಹೊಳೆಯಂಚಿನ ತಂಗುಮನೆ ಅದು. ನೀರಿನ ಸೆಳೆತ ಜಾಸ್ತಿಯಾದ್ದರಿಂದ ಒಬ್ಬರನ್ನೇ ಹೊಳೆಗೆ ಇಳಿಸುವುದಿಲ್ಲ, ಪರವಾನಗಿ ಕೊಡುವುದು ಜೋಡಿಗೆ. ಕೊನೆಯ ತಿಂಗಳಲ್ಲಿ ಹೆಸರು ಬದಲಿಸುವಂತಿಲ್ಲ. ಅಸಲು ಪತ್ರ ತೋರಿಸದಿದ್ದರೆ ಅವಕಾಶ ಸಾಲಿನಲ್ಲಿರುವ ಮುಂದಿನ ಜೋಡಿಗೆ ಹೋಗುತ್ತದೆ. ಗಡಿಯಾರದವರೂ ಅವರ ಬಾಲ್ಯದ ಗೆಳೆಯರಾದ ಬಡಗಿಯೂ ಆ ಸಾಲಿನಲ್ಲಿ ಹನ್ನೊಂದು ವರ್ಷ ಕಾದಿದ್ದರು. ಶುಕ್ರವಾರ ಬೆಳಗ್ಗೆ ಆರರ ಬಸ್ಸಿಗೆ ಹೊರಡಬೇಕಿತ್ತು.

"ಇನ್ನು ಹನ್ನೊಂದು ವರ್ಷ ಕಾಯೋ ವಯಸ್ಸಲ್ಲ ಮೇಡಂ ನಮ್ಮದು," ಎಂದರು ಅವರು. ಎಫ್‌ಐಆರ್ 10.25ಕ್ಕೆ ದಾಖಲಾಯಿತು.

ಪಂಚನಾಮೆ ನಡೆದದ್ದು ಅದೇ ದಿನ ಮಧ್ಯಾಹ್ನ 12.10ರಿಂದ 1.30ರವರೆಗೆ. ಅಂಗಡಿಯ ಹಿಂದಿನ ಕೋಣೆಯಲ್ಲೇ ಗಡಿಯಾರದವರ ಒಂಟಿ ಸಂಸಾರ. ಗೋಡೆಗೆ ಹೊಳೆಯ ನಕ್ಷೆ, ಅದರ ಮೇಲೆ ಬಡಗಿಯ ಸೀಸದಕಡ್ಡಿಯಲ್ಲಿ ಗುರುತು ಮಾಡಿದ ತಿರುವುಗಳು. ಪಕ್ಕದಲ್ಲಿ ಕಟ್ಟಬೇಕಾದ ಸಾಮಾನಿನ ಪಟ್ಟಿ: ಉಣ್ಣೆಯ ಕಾಲುಚೀಲ ನಾಲ್ಕು ಜೊತೆ, ಮಂಡಿನೋವಿನ ಎಣ್ಣೆ, ಗೊರಕೆ ಹೊಡೆಯುವವನಿಗೆ ಬೇರೆ ಕೋಣೆ ಕೇಳುವುದು. ಗೊರಕೆ ಯಾರದು ಎಂದು ಬರೆದಿರಲಿಲ್ಲ. ಭಾನುವಾರ ಅವರು ತಂಗಿಯ ಮನೆಗೆ ಊಟಕ್ಕೆ ಹೋಗಿದ್ದರು, ಕಳವು ಆಗಿರುವುದು ಆಗಲೇ. ಬೀಗ ಒಡೆದಿಲ್ಲ. ಮೀಟರ್ ಪೆಟ್ಟಿಗೆಯ ಹಿಂದೆ ತೂಗುಹಾಕುವ ಬೀಗದಕೈಯ ವಿಷಯ ತಂಗಿಗೆ, ಹಾಲಿನವನಿಗೆ, ಬಡಗಿಗೆ ಮತ್ತು ಮೀನು ಹಿಡಿಯುವವರ ಕ್ಲಬ್ಬಿನ ಒಂದಿಬ್ಬರಿಗೆ ಗೊತ್ತು.

ಕಪಾಟಿನಲ್ಲಿ ಪೆಟ್ಟಿಗೆಯ ಮುಂದೆಯೇ ಗಾಳದ ಕೋಲು ಮತ್ತು ದಾರ ಸುತ್ತುವ ರೀಲು ಇದ್ದವು. ಪೆಟ್ಟಿಗೆಗಿಂತ ಹತ್ತು ಪಟ್ಟು ಬೆಲೆಯ ಅವನ್ನು ಕಳ್ಳ ಎತ್ತಿ ಪಕ್ಕಕ್ಕಿಟ್ಟು ಹೋಗಿದ್ದ. ಹೆಡ್ ರೀಲನ್ನು ಕೈಗೆ ತೆಗೆದುಕೊಂಡು ಸುಮ್ಮನೆ ತಿರುಗಿಸಿದ, ಅದು ಸರಾಗವಾಗಿ ತಿರುಗಿತು.

"ಅರೆ, ಶನಿವಾರ ಸಂಜೆ ನಾನು ಬಿಗಿ ಮಾಡಿ ಪರೀಕ್ಷೆ ಮಾಡಿದ್ದೆ. ಹಾಗೇ ಇಟ್ಟಿದ್ದೆ," ಎಂದರು ಗಡಿಯಾರದವರು. ಹೇಳಿ ಮುಗಿಸಿದವರು ರೀಲನ್ನು ಅವನ ಕೈಯಿಂದ ತೆಗೆದುಕೊಂಡು ತಾವೇ ಒಮ್ಮೆ ತಿರುಗಿಸಿದರು. ಆಮೇಲೆ, "ಇಲ್ಲ, ನಾನೇ ಸಡಿಲಿಸಿದ್ದೆ ಅನಿಸುತ್ತೆ. ವಯಸ್ಸಾಯ್ತಲ್ಲ, ಮರೆವು," ಎಂದರು.

ಇನ್ಸ್‌ಪೆಕ್ಟರ್ ಎರಡೂ ಮಾತನ್ನು ಬರೆಸಿದರು. ಗಡಿಯಾರ ರಿಪೇರಿಯವರಿಗೆ ಯಾವ ತಿರುಪನ್ನು ಎಷ್ಟು ತಿರುಗಿಸಿದೆ ಎಂಬುದು ಮರೆಯುತ್ತದೆ ಎಂದರೆ ಅವರು ನಂಬುವವರಲ್ಲ.

ಮಂಗಳವಾರ ಬೆಳಗ್ಗೆ 11.15ಕ್ಕೆ ಹಲ್ಲಿನ ಡಾಕ್ಟರರ ವಿಚಾರಣೆ. ಪರವಾನಗಿಯ ಸಾಲಿನಲ್ಲಿ ಮುಂದಿನ ಜೋಡಿ ಅವರದು. ಗೆಳೆಯರಿಬ್ಬರ ಆರೋಗ್ಯವನ್ನು ತಿಂಗಳು ತಪ್ಪದೆ ವಿಚಾರಿಸುತ್ತಿದ್ದರೆಂದೂ, ಚೆನ್ನಾಗಿದ್ದೇವೆ ಎಂದರೆ ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದರೆಂದೂ ಕ್ಲಬ್ಬಿನಲ್ಲಿ ಮಾತಿತ್ತು. ಹೆಡ್‌ಗಂತೂ ಕೇಸು ಅಲ್ಲೇ ಮುಗಿದಿತ್ತು. ಆದರೆ ಡಾಕ್ಟರರು ಭಾನುವಾರ ಇಡೀ ದಿನ ಮೊಮ್ಮಗಳ ಹುಟ್ಟುಹಬ್ಬದಲ್ಲಿ ಕಾಗದದ ಟೋಪಿ ಹಾಕಿಕೊಂಡು ಕೂತಿದ್ದರು. ಅದಕ್ಕೆ ನಲವತ್ತು ಫೋಟೋಗಳ ಸಾಕ್ಷಿ.

ಏಳುವ ಮುನ್ನ ಇನ್ಸ್‌ಪೆಕ್ಟರ್ ರೀಲಿನ ವಿಷಯ ಕೇಳಿದರು. ಬಿಗಿ ಮಾಡಿದ ರೀಲನ್ನು ಹಾಗೇ ಇಟ್ಟರೆ ದಾರವನ್ನು ತಡೆದು ಹಿಡಿಯುವ ಒಳಗಿನ ಮೆತ್ತನೆಯ ಬಿರಡೆ ಜಜ್ಜಿಹೋಗುತ್ತದೆ, ಅದಕ್ಕೆ ಎತ್ತಿಡುವ ಮುನ್ನ ಸಡಿಲಿಸುತ್ತಾರೆ ಎಂದು ಡಾಕ್ಟರರು ವಿವರಿಸಿದರು.

"ನಾನಾಗಿದ್ದರೆ ಸಡಿಲಿಸ್ತಿರಲಿಲ್ಲ ಮೇಡಂ. ಅವನ ರೀಲು ಕೆಟ್ಟರೆ ನನಗೇನು? ಕದಿಯೋಕೆ ಬಂದವನು ನಿಂತು ಅದನ್ನ ಸಡಿಲಿಸಿ ಹೋಗಿದ್ದಾನೆ ಅಂದರೆ, ಅವನಿಗೆ ಆ ರೀಲಿನ ಮೇಲೆ ಅಕ್ಕರೆ ಇದೆ."

ಅದೇ ದಿನ ಸಂಜೆ 4.30ಕ್ಕೆ ಗಡಿಯಾರದವರು ತಾವಾಗಿಯೇ ಠಾಣೆಗೆ ಬಂದರು. ದೂರು ವಾಪಸ್ ಬೇಕೆಂದರು. ಹುಳು ಮತ್ತೆ ಕಟ್ಟಬಹುದು, ಹೊಳೆ ಎಲ್ಲೂ ಹೋಗುವುದಿಲ್ಲ, ಪೊಲೀಸರಿಗೆ ಬೇರೆ ಕೆಲಸವಿರುತ್ತದೆ ಎಂದರು. ಹನ್ನೊಂದು ವರ್ಷ ಕಾದ ಮನುಷ್ಯ ಒಂದೇ ದಿನದಲ್ಲಿ ಇಷ್ಟು ಉದಾರಿಯಾದದ್ದನ್ನು ಕಂಡು ಇನ್ಸ್‌ಪೆಕ್ಟರ್ ಪಂಚನಾಮೆಯ ಹಾಳೆ ತೆಗೆದು ರೀಲಿನ ಸಾಲಿಗೆ ಅಡಿಗೆರೆ ಎಳೆದರು. ಎಫ್‌ಐಆರ್ ಆದ ಮೇಲೆ ಅಳಿಸಲು ಬರುವುದಿಲ್ಲ ಎಂದಷ್ಟೇ ಹೇಳಿ ಕಳಿಸಿದರು.

ತಂಗುಮನೆಯ ಫೋನು ಬೆಳಗ್ಗೆ ಏಳರಿಂದ ಏಳೂವರೆವರೆಗೆ ಮಾತ್ರ ಸಿಗುತ್ತದೆ. ಬುಧವಾರ 7.05ಕ್ಕೆ ತಂಗುಮನೆ ನಡೆಸುವ ಹೆಂಗಸು ಸಿಕ್ಕಳು. ಪರವಾನಗಿ ಕೇಳಿಕೊಂಡು ಬೇರೆ ಯಾರೂ ಬಂದಿಲ್ಲ ಎಂದಳು. ಆದರೆ ಹೋದ ಶುಕ್ರವಾರ ವಯಸ್ಸಾದವರೊಬ್ಬರು ಫೋನು ಮಾಡಿ, ಕಣ್ಣು ಮಂಜಾದವರು ಹೊಳೆಗೆ ಇಳಿಯಬಹುದೇ, ಜತೆಗಿರುವವರಿಗೆ ಅದರಿಂದ ಅಪಾಯವೇ ಎಂದು ಕೇಳಿದ್ದರಂತೆ. ಬೇರೆಯವರ ಪರವಾಗಿ ಕೇಳುತ್ತಿದ್ದೇನೆ ಎಂದಿದ್ದರಂತೆ.

"ಮಧ್ಯದ ಹೊಳೆಗೆ ಬೇಡ ಅಂದೆ. ಮನೆಯ ಕೆಳಗಿನ ತಿರುವಲ್ಲಿ ಮಂಡಿಯುದ್ದ ನೀರು, ಮರಳು ನೆಲ, ಅಲ್ಲಿ ಧಾರಾಳವಾಗಿ ನಿಲ್ಲಬಹುದು ಅನ್ನೋ ಅಷ್ಟರಲ್ಲಿ ಫೋನ್ ಇಟ್ಟುಬಿಟ್ಟರು. 'ಬೇಡ' ಅನ್ನೋದು ಮಾತ್ರ ಕೇಳಿಸಿಕೊಂಡರು ಪಾಪ," ಎಂದಳು ಅವಳು.

10.30ಕ್ಕೆ ಇನ್ಸ್‌ಪೆಕ್ಟರ್ ಮತ್ತು ಹೆಡ್ ಬಡಗಿಯ ಕಾರ್ಖಾನೆಗೆ ಹೋದರು. ಉದ್ದನೆಯ ಕೋಣೆ, ಮೂಲೆಯಲ್ಲಿ ಮರದ ಹೊಟ್ಟು, ಕೆಲಸದ ಮೇಜಿಗೆ ಒಂದು ಗೇಣು ಎತ್ತರದಲ್ಲಿ ಇಳಿಬಿಟ್ಟ ಎರಡು ದೀಪಗಳು. ಹೊರಗೆ ಸುಡುವ ಬಿಸಿಲಿದ್ದರೂ ಎರಡೂ ಉರಿಯುತ್ತಿದ್ದವು. ಎತ್ತರದ ಆಳು, ಅಗಲ ಭುಜ, ಬಡಗಿ ಕುರ್ಚಿಯ ಕಾಲಿನ ಜೋಡಣೆಯನ್ನು ಹೆಬ್ಬೆರಳಿನಿಂದ ಸವರಿ ನೋಡುತ್ತಿದ್ದರು. ಹಲಗೆಯ ಮೇಲೆ ಅವರು ಹಾಕಿದ್ದ ಗುರುತು ಕಿರುಬೆರಳಷ್ಟು ದಪ್ಪವಿತ್ತು. ಬಂದವರು ಯಾರೆಂದು ಹೆಡ್ ಮಾತಾಡಿದ ಮೇಲೆಯೇ ಅವರಿಗೆ ತಿಳಿಯಿತು.

ಇನ್ಸ್‌ಪೆಕ್ಟರ್ ಸುತ್ತುಬಳಸಲಿಲ್ಲ.

"ರೀಲು ಯಾಕೆ ಸಡಿಲಿಸಿದಿರಿ?"

"ಬಿಗಿಯಾಗಿ ಇಟ್ಟಿದ್ದ. ಹಾಗೇ ಬಿಟ್ಟರೆ ಬಿರಡೆ ಹಾಳಾಗಲ್ವಾ? ಎಷ್ಟು ಸಲ ಹೇಳಿದ್ದೀನಿ ಅವನಿಗೆ..." ಬಡಗಿ ಅಲ್ಲಿಗೇ ನಿಲ್ಲಿಸಿದರು. ಉಳಿಯನ್ನು ಮೇಜಿನ ಮೇಲಿಟ್ಟು, ಕೈ ಒರೆಸಿಕೊಂಡು, ಮೇಜಿನಡಿಯ ಸೆಳೆಖಾನೆ ಎಳೆದರು. ಒಣ ಬಟ್ಟೆಯಲ್ಲಿ ಎರಡು ಸುತ್ತು ಸುತ್ತಿದ ಪೆಟ್ಟಿಗೆ, ಅದರ ಮೇಲೆ ಮಡಿಸದೆ ಇಟ್ಟ ಪರವಾನಗಿ ಪತ್ರ. ಶನಿವಾರ, ಬಸ್ಸು ಹೋದ ಮಾರನೆಯ ದಿನ, ಅವನ ಬಾಗಿಲಲ್ಲಿ ಇಟ್ಟು ಬರುವವನಿದ್ದೆ ಎಂದರು.

"ಕಣ್ಣಿನ ವಿಷಯ ಅವರಿಗೆ ಹೇಳಬಹುದಿತ್ತಲ್ಲ?"

"ಹೇಳಿದ್ದರೆ, 'ಬಿಡೋ, ನಾನೂ ಹೋಗಲ್ಲ' ಅಂತಿದ್ದ. ನಕ್ಕೊಂಡೇ ಅಂತಿದ್ದ. ನನ್ನಿಂದ ತಪ್ಪಿತು ಅಂತ ಸಾಯೋವರೆಗೂ ಒಂದು ಮಾತು ಆಡ್ತಿರಲಿಲ್ಲ. ಅದನ್ನ ಹೆಂಗೆ ತಡ್ಕೊಳ್ಳಲಿ ಮೇಡಂ? ಹೇಳದೆ ಹೋಗಿ, ನೀರಲ್ಲಿ ನಾನು ಜಾರಿ ಅವನನ್ನೂ ಎಳ್ಕೊಂಡರೆ? ಅದಕ್ಕೇ ಯಾರೋ ಕಳ್ಳ ಬಂದ ಅಂತ ಆಗಲಿ ಅಂದ್ಕೊಂಡೆ. ಕಳ್ಳನ್ನ ಬೈಕೊಂಡು ಇಬ್ಬರೂ ಒಟ್ಟಿಗೆ ಇರಬಹುದಿತ್ತು."

ಜಪ್ತಿ ಪಂಚನಾಮೆಗೆಂದು ಹೆಡ್ ಪೆಟ್ಟಿಗೆ ತೆರೆದು ಹುಳುಗಳನ್ನು ಎಣಿಸತೊಡಗಿದ. ಅರ್ಧದಷ್ಟು ಬರಿಯ ಹುಳುಗಳು. ಉಳಿದ ಎಪ್ಪತ್ತಮೂರಕ್ಕೆ ಒಂದೊಂದು ಮೊಳ ದಾರವನ್ನು ಮೊದಲೇ ಕಟ್ಟಿ, ದಾರದ ತುದಿಯಲ್ಲಿ ಬೆರಳು ತೂರುವಷ್ಟು ದೊಡ್ಡ ಕುಣಿಕೆ ಮಾಡಿ, ಸುರುಳಿ ಸುತ್ತಿಡಲಾಗಿತ್ತು. ಅದನ್ನು ಹೇಗೆ ಬರೆಯುವುದೆಂದು ತಿಳಿಯದೆ ಹೆಡ್ ಬಡಗಿಯನ್ನೇ ಕೇಳಿದ.

ಬಡಗಿಗೆ ಅದೇನೆಂದು ಗೊತ್ತಿರಲಿಲ್ಲ. ಪೆಟ್ಟಿಗೆಯನ್ನು ಅವರು ತೆರೆದೇ ಇರಲಿಲ್ಲ, ತೆರೆದಿದ್ದರೂ ಕಾಣುತ್ತಿರಲಿಲ್ಲ. ಒಂದು ಸುರುಳಿಯನ್ನು ಬಿಚ್ಚಿ ಬೆರಳಲ್ಲಿ ಸವರುತ್ತಾ ಕುಣಿಕೆಯವರೆಗೆ ಬಂದರು. ಹುಳುವಿನ ಸೂಜಿಗಣ್ಣಿನಷ್ಟು ತೂತಿಗೆ ದಾರ ಪೋಣಿಸುವುದೇ ಈ ಮೀನುಗಾರಿಕೆಯಲ್ಲಿ ಕಣ್ಣಿಗೆ ಕಷ್ಟದ ಕೆಲಸ. ಇವಕ್ಕೆ ಆ ಕೆಲಸವೇ ಇರಲಿಲ್ಲ. ಕೋಲಿನ ದಾರದ ಕುಣಿಕೆಗೆ ಈ ಕುಣಿಕೆ ಸಿಕ್ಕಿಸಿದರೆ ಮುಗಿಯಿತು, ಕಣ್ಣುಮುಚ್ಚಿಯೂ ಮಾಡಬಹುದು. ಬಡಗಿ ಇನ್ನೊಂದು ಸುರುಳಿ ಮುಟ್ಟಿದರು, ಮತ್ತೊಂದನ್ನು ಮುಟ್ಟಿದರು. ಆಮೇಲೆ ಬಿಚ್ಚಿದ ಸುರುಳಿಯನ್ನು ಮೊದಲಿದ್ದಂತೆಯೇ ಸುತ್ತಿ ಪೆಟ್ಟಿಗೆಯಲ್ಲಿಟ್ಟರು.

"ಅವನಿಗೆ ಗೊತ್ತಿತ್ತು," ಎಂದರು.

ಹೆಡ್ ಎಣಿಕೆ ತಪ್ಪಿತೆಂದು ನೆಪ ಹೇಳಿ ಮೊದಲಿನಿಂದ ಎಣಿಸತೊಡಗಿದ. ಅವನಿಗೂ ಮುಖ ಬೇರೆ ಕಡೆ ತಿರುಗಿಸಿಕೊಳ್ಳಬೇಕಿತ್ತು. ದಸ್ತಗಿರಿಯ ಸಮಯ 11.50.

ಮಧ್ಯಾಹ್ನ ಒಂದೂವರೆಗೆ ಗಡಿಯಾರದವರನ್ನು ಕರೆಸಲಾಯಿತು. ಬೆಂಚಿನ ಮೇಲೆ ಕೂತ ಗೆಳೆಯನನ್ನು ಕಂಡರೂ ಅವರು ಹತ್ತಿರ ಹೋಗದೆ ಇನ್ಸ್‌ಪೆಕ್ಟರ್ ಎದುರಿಗೇ ಬಂದು ಕೂತರು. ಗೆಳೆಯನ ಕಣ್ಣಿನ ವಿಷಯ ಆರು ತಿಂಗಳಿಂದ ತಿಳಿದಿತ್ತೆಂದು ಒಪ್ಪಿಕೊಂಡರು. ನಲವತ್ತು ವರ್ಷ ಮೊಳೆ ಹೊಡೆದ ಮನುಷ್ಯ ಒಂದೇ ಮೊಳೆಗೆ ಮೂರು ಸಲ ಬೆರಳು ಜಜ್ಜಿಕೊಂಡಾಗಲೇ ಗೊತ್ತಾಯಿತು ಎಂದರು. ಅವನೇ ಹೇಳಲಿ, ಕೇಳಿ ಅವನನ್ನು ಸಣ್ಣವನನ್ನಾಗಿ ಮಾಡಬಾರದು ಎಂದು ಕಾದಿದ್ದರು. ಒಬ್ಬರು ಹೇಳಲಿಲ್ಲ, ಇನ್ನೊಬ್ಬರು ಕೇಳಲಿಲ್ಲ, ನಡುವೆ ಒಂದು ಪೊಲೀಸ್ ಕೇಸು ಹುಟ್ಟಿಕೊಂಡಿತು.

ದೂರನ್ನು ಮುಗಿಸುವುದು ನ್ಯಾಯಾಲಯದ ಕೆಲಸ, ಅದಕ್ಕೆ ಸಮಯ ಹಿಡಿಯುತ್ತದೆ ಎಂದು ಇನ್ಸ್‌ಪೆಕ್ಟರ್ ತಿಳಿಸಿದರು. ಸದ್ಯಕ್ಕೆ ಆಗುವುದು ಠಾಣಾ ಜಾಮೀನು. ಜಾಮೀನುದಾರರು ಯಾರು ಎಂದು ಹೆಡ್ ಕೇಳುವಷ್ಟರಲ್ಲಿ ದೂರುದಾರರೇ ಪೆನ್ನು ಕೈಗೆ ತೆಗೆದುಕೊಂಡಿದ್ದರು. ಇಂಥದ್ದು ನಿಯಮದಲ್ಲಿದೆಯೇ ಎಂದು ಹೆಡ್ ಮೇಡಂ ಮುಖ ನೋಡಿದ. ಕೂಡದು ಎಂದು ಎಲ್ಲಿಯೂ ಬರೆದಿಲ್ಲ ಎಂದರು ಅವರು. ಜಪ್ತಿಯಾದ ಪೆಟ್ಟಿಗೆಯನ್ನೂ ಪರವಾನಗಿ ಪತ್ರವನ್ನೂ ಮುಚ್ಚಳಿಕೆಯ ಮೇಲೆ ಬಿಡುಗಡೆ ಮಾಡಿಸಲು ಗುರುವಾರ ಬೆಳಗ್ಗೆಯೇ ನ್ಯಾಯಾಲಯಕ್ಕೆ ಹೋಗಬೇಕೆಂದು ಹೆಡ್‌ಗೆ ಅಪ್ಪಣೆಯೂ ಆಯಿತು.

ಜಾಮೀನಿನ ಷರತ್ತಿನಂತೆ ಆರೋಪಿ ಅನುಮತಿಯಿಲ್ಲದೆ ಠಾಣೆಯ ಸರಹದ್ದು ದಾಟುವಂತಿಲ್ಲ. ಇನ್ಸ್‌ಪೆಕ್ಟರ್ ಅನುಮತಿಯ ಅರ್ಜಿಯನ್ನು ತಾವೇ ಎಳೆದುಕೊಂಡು ಬರೆಯತೊಡಗಿದರು. ಎಲ್ಲಿಗೆ, ಎಷ್ಟು ದಿನಕ್ಕೆ, ಯಾರ ಜವಾಬ್ದಾರಿಯಲ್ಲಿ. ತಂಗುಮನೆಯ ಕೆಳಗಿನ ತಿರುವು, ಮಂಡಿಯುದ್ದ ನೀರು, ಮರಳು ನೆಲ ಎಂದು ಫೋನಿನಲ್ಲಿ ಪೂರ್ತಿ ಕೇಳಿಸಿಕೊಳ್ಳದೆ ಬಿಟ್ಟ ಮಾತನ್ನೂ ಬಡಗಿಗೆ ಕೇಳುವಂತೆ ಓದಿದರು. ಕೊನೆಗೆ, ಜತೆಗೊಬ್ಬರು ಇರಲೇಬೇಕಾದ ಕಾರಣವನ್ನು ಆರೋಪಿಯೇ ಹೇಳಬೇಕು ಎಂದರು. ಹಾಗೊಂದು ಕಾಲಂ ಆ ಅರ್ಜಿಯಲ್ಲಿ ಇಲ್ಲವೆಂಬುದು ಹೆಡ್‌ಗೆ ಗೊತ್ತಿತ್ತು.

ಬಡಗಿ ಬೆಂಚಿನಿಂದ ಎದ್ದರು. ಇನ್ಸ್‌ಪೆಕ್ಟರ್ ಕಡೆ ನೋಡಲಿಲ್ಲ, ಗೆಳೆಯ ಕೂತಿದ್ದ ಕಡೆಗೆ ಅಂದಾಜಿನಲ್ಲಿ ತಿರುಗಿದರು.

"ನನಗೆ ಕಣ್ಣು ಹೋಗ್ತಿದೆ ಕಣೋ."

"ಹುಳು ಮೀನಿಗೆ ಕಂಡರೆ ಸಾಕು ಬಾರೋ," ಎಂದರು ಗಡಿಯಾರದವರು. "ಎಲ್ಲಿ ಬಿತ್ತು ಅಂತ ನಾನು ಹೇಳ್ತೀನಿ."

ಇಬ್ಬರೂ ಕೈ ಹಿಡಿದುಕೊಂಡು ಮೆಟ್ಟಿಲಿಳಿದು ಹೋದ ಮೇಲೆ ಇನ್ಸ್‌ಪೆಕ್ಟರ್ ತನಿಖಾ ದಿನಚರಿ ತೆರೆದರು. ಉದ್ದೇಶ ಎಂಬಲ್ಲಿ ಹೀಗೆ ಬರೆದರು: ಆರೋಪಿಯು ಯಾವುದೇ ಲಾಭಕ್ಕಾಗಿ ಈ ಕೃತ್ಯ ಎಸಗಿರುವುದಿಲ್ಲ. ಅರವತ್ತು ವರ್ಷಗಳ ಗೆಳೆಯನಿಗೆ ಒಂದು ಮಾತು ಹೇಳಲಾಗದೆ ಎಸಗಿರುತ್ತಾರೆ. ಸದರಿ ಮಾತನ್ನು ಹದಿಮೂರನೇ ತಾರೀಖು ಬುಧವಾರ ಮಧ್ಯಾಹ್ನ 2.20ಕ್ಕೆ ಠಾಣೆಯಲ್ಲಿ, ನಮ್ಮ ಸಮಕ್ಷಮ ಹೇಳಿರುತ್ತಾರೆ.