ಐದನೆಯ ಪುಟ್ಟ ಪದಕ

ಇಂಗ್ಲೆಂಡಿನ ಬಂದರು ಪ್ಲಿಮತ್‌ನಲ್ಲಿ ಹಳೆಯ ಸೇನಾ ಪದಕಗಳು ಯಾರವೆಂದು ಗುರುತಿಸುವುದೇ ನನ್ನ ಕಸುಬು. ದೊಡ್ಡ ಪದಕಗಳ ಅಂಚಿನಲ್ಲಿ ಹೆಸರು ಕೊರೆದಿರುತ್ತದೆ. ಔತಣಕ್ಕೆ ಧರಿಸುವ, ಅವುಗಳದೇ ಪ್ರತಿಯಾದ ಪುಟ್ಟ ಪದಕಗಳಲ್ಲಿ ಅದೂ ಇರುವುದಿಲ್ಲ. ಯಾವ್ಯಾವುವು ಒಟ್ಟಿಗಿವೆ ಎಂಬುದಷ್ಟೇ ಸುಳಿವು.

ವಯಸ್ಸಾದ ಮಿಸ್ ಟ್ಯಾಪ್‌ಸ್ಕಾಟ್ ರಿಬ್ಬನ್ನುಗಳಲ್ಲಿ ತೂಗುವ ಅಂಥ ಪುಟ್ಟ ಪದಕಗಳ ಒಂದು ಸಾಲು ತಂದುಕೊಟ್ಟರು.

"ಹಳೇ ಸಾಮಾನಿನ ಅಂಗಡೀಲಿ ಸಿಕ್ತು ಸೈಲಸ್. ನಮ್ಮಪ್ಪಂದೇನಾ ನೋಡು. ಮಹಾಯುದ್ಧದಲ್ಲಿ, ನಲವತ್ತೆರಡರಲ್ಲಿ, ಹಡಗಿನ ಜೊತೆ ಮುಳುಗಿಹೋದ್ರು. ನಾನು ಸಾಯೋಕೆ ಮುಂಚೆ ಗೊತ್ತಾಗ್ಲಿ."

ರಿಬ್ಬನ್ನುಗಳು ಒದ್ದೆಯಾಗಿದ್ದವು. ಒಲೆಯ ಬಳಿ ಒಣಗಿಸಿದೆ. ಬೆಳಿಗ್ಗೆ ನೋಡಿದರೆ ಮತ್ತೆ ಒದ್ದೆ. ಮುಟ್ಟಿದ ಬೆರಳು ನಾಲಿಗೆಗೆ ಉಪ್ಪುಪ್ಪು. ಮೂರು ದಿನವೂ ಹೀಗೇ.

ನಾಲ್ಕನೆಯ ದಿನ ಫೋನ್ ಮಾಡಿದೆ. "ನಿಮ್ಮಪ್ಪಂದಲ್ಲ ಮಿಸ್ ಟ್ಯಾಪ್‌ಸ್ಕಾಟ್. ನಾಲ್ಕು ಹೊಂದುತ್ವೆ. ಐದನೇದು ಎಂಬತ್ತೆರಡರ ಫಾಕ್‌ಲ್ಯಾಂಡ್ ಯುದ್ಧದ್ದು."

"ಕಣ್ಣು ಮಂಜಾಯ್ತೇನಪ್ಪಾ ನಿಂಗೆ? ನಾನು ಕೊಟ್ಟಿದ್ದೇ ನಾಲ್ಕು!"

ನಾನೇ ಬರೆದ ರಸೀದಿಯಲ್ಲೂ ನಾಲ್ಕೆಂದೇ ಇದೆ. ಆದರೆ ಐದನ್ನೂ ಒಂದೇ ಹಳೆಯ ದಾರದಲ್ಲಿ ಹೊಲಿದಿದೆ.

ಫಾಕ್‌ಲ್ಯಾಂಡ್‌ನಲ್ಲಿ ಹಡಗಿನೊಂದಿಗೆ ಮುಳುಗಿದ ನನ್ನ ಮಗ ಪಿಯರ್ಸ್‌ನ ದೇಹ ಸಿಗಲಿಲ್ಲ.

ಪುಟ್ಟ ಪದಕದಲ್ಲಿ ಹೆಸರಿರುವುದಿಲ್ಲವೆಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದರೂ ದಿನಾ ಬೆಳಿಗ್ಗೆ ಆ ಐದನೆಯದರ ಅಂಚಿನ ನೀರು ಒರೆಸಿ, ಕಿಟಕಿಯ ಬೆಳಕಿಗೆ ಹಿಡಿದು ಓದಲು ನೋಡುತ್ತೇನೆ.