ನಾಲ್ಕು ಸಾವಿರ ಸಸಿಗಳ ಸಾವು

ನಾಲ್ಕು ದಿನದ ರಜೆ ಮುಗಿಸಿ ಬಂದು ಸಸಿಮನೆಯ ಬಾಗಿಲು ತೆರೆದವಳೇ ಒಡತಿ ಕಿರುಚಿದಳು. ಹೊಸ ಗೊಬ್ಬರಕ್ಕೆ ನೆಟ್ಟಿದ್ದ ನಾಲ್ಕು ಸಾವಿರ ಟೊಮೆಟೊ ಸಸಿ—ಒಂದೂ ನೆಟ್ಟಗಿರಲಿಲ್ಲ! ಎಲೆ ಮುರುಟಿ, ಕಾಂಡ ಹಗ್ಗದ ಹಾಗೆ ತಿರುಚಿಕೊಂಡಿತ್ತು.

ನಾನು ಮಣ್ಣು ಪರೀಕ್ಷೆಯ ಮೇಷ್ಟ್ರ ಜೀಪು ಓಡಿಸುವವನು. ನಾವು ಹೋಗುವಷ್ಟರಲ್ಲಿ ತೀರ್ಪೇ ಆಗಿಹೋಗಿತ್ತು: ತಪ್ಪು ಗೊಬ್ಬರದ ಅಕ್ಕನದು. ಸಗಣಿ, ಒಣಹುಲ್ಲು ಪದರ ಪದರವಾಗಿ ಒಟ್ಟಿ ಗೊಬ್ಬರ ಮಾಡುವುದೇ ಆಕೆಯ ಜೀವನ. ಅವಳ ಅಂಗಳ ಮುಚ್ಚಿಸಲು ಬೆಳೆಗಾರರ ಸಂಘದವನು ಬೀಗ ಹಿಡಿದೇ ಬಂದಿದ್ದ.

"ಹಸಿ ಗೊಬ್ಬರ ಕೊಟ್ಟು ಸುಟ್ಟುಬಿಟ್ಟಳು!" ಎಂದಳು ಒಡತಿ.

"ಹಸೀನಾ? ನಾಲ್ಕು ತಿಂಗಳು ಮಾಗಿಸಿದೀನಿ. ರಾಶಿಯೊಳಗೆ ಕೈಯಿಟ್ಟರೆ ಬೊಬ್ಬೆ ಏಳೋ ಅಷ್ಟು ಕಾದಿತ್ತು!" ಎಂದಳು ಅಕ್ಕ.

"ನನ್ನ ತಂಗಿ ಅಂಥೋಳಲ್ಲ," ಅವಳ ಹೆಗಲ ಮೇಲೆ ಕೈಯಿಟ್ಟು ಅಣ್ಣ ಗುಡುಗಿದ. "ಹಾಲಿನವನು ಕೊಟ್ಟ ಸಗಣೀಲೇ ಏನೋ ಇದೆ. ನಾನು ಕೊಟ್ಟ ಹುಲ್ಲಲ್ಲಿ ಒಂದೇ ಒಂದು ಕಳೆ ತೋರಿಸಿ ನೋಡೋಣ!"

ಹಾಲಿನವನು ಕೆರಳಿದ. "ಅದೇ ಸಗಣಿ ನಮ್ಮ ಹುರುಳಿಕಾಯಿ ಮಡಿಗೂ ಹಾಕಿದೀವಿ. ಬಳ್ಳಿ ಸೂರು ಹತ್ತಿದೆ, ಬಂದು ನೋಡಿ!"

ಮೇಷ್ಟ್ರು ಹೋಗಿ ನೋಡಿಯೇ ಬಂದರು. ಬಂದವರು ಸಸಿಮನೆಯ ಮೂಲೆಯಲ್ಲಿ ಹಸಿರಾಗಿದ್ದ ಬೇರೆ ಸಸಿಗಳ ಮುಂದೆ ನಿಂತರು.

"ಇವು?"

"ಮೆಕ್ಕೆಜೋಳ. ಅದಕ್ಕೇನಾಗಿದೆ? ಚೆನ್ನಾಗೇ ಇದೆಯಲ್ಲ."

"ಗೊಬ್ಬರ?"

"ಅದೇ ಗೊಬ್ಬರ..." ಒಡತಿ ತಡವರಿಸಿದಳು.

"ಎಲ್ಲರೂ ಸತ್ತದ್ದನ್ನೇ ನೋಡಿದಿರಿ, ಬದುಕಿದ್ದನ್ನು ನೋಡಲಿಲ್ಲ," ಎಂದರು ಮೇಷ್ಟ್ರು. "ಹಸಿ ಗೊಬ್ಬರವಾಗಿದ್ದರೆ ಜೋಳವೂ ಸುಡಬೇಕಿತ್ತು. ಜೋಳದಂಥ ಹುಲ್ಲಿನ ಜಾತಿ ಬಿಟ್ಟು ಅಗಲ ಎಲೆಯದನ್ನು ಮಾತ್ರ ಹೀಗೆ ತಿರುಚೋದು ಕಳೆನಾಶಕ. ಕೆಲವು ಕಳೆನಾಶಕ ಗೊಬ್ಬರದ ರಾಶಿಯ ಕಾವಿಗೂ ಜಗ್ಗೋದಿಲ್ಲ. ಸಗಣೀಲಿ ಅದು ಇಲ್ಲ ಅಂತ ಅಗಲ ಎಲೆಯ ಹುರುಳಿಕಾಯಿ ಬಳ್ಳಿಯೇ ಸಾಕ್ಷಿ. ಉಳಿದದ್ದು ಒಂದೂ ಕಳೆಯಿಲ್ಲದ ಹುಲ್ಲು." ಅವರು ಅಣ್ಣನತ್ತ ತಿರುಗಿದರು. "ಗದ್ದೆಗೆ ಏನು ಹೊಡೆದಿದ್ದೆ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಯಾರೂ ಕೇಳದೆ ಹುಲ್ಲಿನ ಮಾತೆತ್ತಿದ್ದು ಇವನೇ! ಮೇಷ್ಟ್ರು ಬಿಡಲಿಲ್ಲ.

"ಇದನ್ನು ಹೊಡೆದ ಹುಲ್ಲು ಗೊಬ್ಬರಕ್ಕೆ ಬಳಸಬೇಡಿ ಅಂತ ಕಳೆನಾಶಕದ ಡಬ್ಬಿ ಮೇಲೇ ಇರುತ್ತೆ. ಓದಲಿಲ್ವಾ?"

"ಓದಿದ್ದೆ... ರಾಶೀಲಿ ಬೆಂದು ಹೋಗುತ್ತೆ ಅಂದ್ಕೊಂಡೆ."

"ಸಸಿ ಸತ್ತ ಮೇಲೆ ಗೊತ್ತಾಯ್ತಲ್ವಾ?"

ಸಂಘದವನು ಬೀಗವನ್ನು ಚೀಲಕ್ಕೆ ಹಾಕಿಕೊಂಡ. ಅಕ್ಕ ಅದರತ್ತ ನೋಡಲೂ ಇಲ್ಲ.

"ಬೆಳಿಗ್ಗೆಯಿಂದ ಎಲ್ಲರೂ ನನ್ನ ಮುಖಕ್ಕೆ ಉಗೀತಿದ್ರು," ಎಂದಳು. "ನೀನು ಗೊತ್ತಿದ್ದೂ ನನ್ನ ಹೆಗಲ ಮೇಲೆ ಕೈಯಿಟ್ಕೊಂಡು ನಿಂತಿದ್ದೆಯಲ್ಲ, ಅಣ್ಣಾ!"

ಆ ಕೈ ಇನ್ನೂ ಅಲ್ಲೇ ಇತ್ತು.